ಆಗಾಗ ತೂಗಬೇಕು

1999ರ ಮಾರ್ಚ್ 17, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ನಮ್ಮ ಊರಿನ ಅರ್ಧದಷ್ಟು ಮತಗಳನ್ನು ಎಡಗೈಯ ಕಿರುಬೆರಳಿನಲ್ಲಿ ಎತ್ತಿದೆ. ಎತ್ತಬೇಕೆಂದು ಎತ್ತಿದ್ದಲ್ಲ. ಬಲೆಯ ಕೊಂಡಿ ಸ್ವಲ್ಪ ಓರೆಯಾಗಿತ್ತು, ಹಮಾಲಿ ಜಬ್ಬಾರ್ ಮತ್ತು ಅವನ ಮೂವರು ಜೊತೆಗಾರರು ಬರುವುದರೊಳಗೆ ಸರಿಮಾಡೋಣವೆಂದು ಬೆರಳು ತೂರಿಸಿದೆ. ಕೊಂಡಿಯ ಜೊತೆಗೆ ಬಲೆಯೂ ಎದ್ದಿತು. ಬಲೆಯೊಳಗೆ ಹೊಳೆಯ ಕಲ್ಲುಗಳು, ಎರಡು ಸಾವಿರದಷ್ಟು, ಒಂದಕ್ಕೊಂದು ಒತ್ತಿಕೊಂಡು ನನ್ನ ಮುಖದ ಮುಂದೆಯೇ ಮೇಲಕ್ಕೆ ಬಂದವು. ಬೆರಳಿಗೆ ನೋವಾಗಲಿಲ್ಲ. ನಾಲ್ವರು ಹಮಾಲಿಗಳು ಸೇರಿ ಹೊರಬೇಕಾದ ಬಲೆ ಅದು.

ನಮ್ಮ ಊರಿನಲ್ಲಿ ಮತ ಹಾಕುವುದು ಕಲ್ಲಿನಿಂದ. ಹದಿನೆಂಟು ತುಂಬಿದವರು ಹೊಳೆಗೆ ಹೋಗಿ ಮುಷ್ಟಿಗೆ ಹಿಡಿಸುವ ಒಂದು ಕಲ್ಲನ್ನು ಆರಿಸಿಕೊಳ್ಳುತ್ತಾರೆ. ಚುನಾವಣೆಯ ದಿನ ಅದನ್ನು ಹಿಡಿದು, ಬೇಕಾದಷ್ಟು ಹೊತ್ತು ನಿಂತು, ತಮಗೆ ಬೇಕಾದವರ ಬಲೆಯೊಳಗೆ ಬಿಡುತ್ತಾರೆ. ದೊಡ್ಡ ಕಲ್ಲು ಹಾಕಿದರೆ ಹೆಚ್ಚು ತೂಗುತ್ತದೆಂದು ಹೊಸಬರು ಅಂದುಕೊಳ್ಳುವುದುಂಟು. ಹಾಗಾಗುವುದಿಲ್ಲ. ಬಲೆಗೆ ಬಿದ್ದ ಮೇಲೆ ಕಲ್ಲಿನ ಗಾತ್ರಕ್ಕೂ ತೂಕಕ್ಕೂ ಸಂಬಂಧವಿರುವುದಿಲ್ಲ. ಹಾಕಿದವರ ಮನಸ್ಸಿನಷ್ಟು ಅದು ತೂಗುತ್ತದೆ. ಮನಸ್ಸು ಮುರಿದರೆ ಹಗುರ, ಮತ್ತೆ ಒಲಿದರೆ ಭಾರ. ಚುನಾವಣೆ ಮುಗಿದ ಮೇಲೂ ಎರಡು ಬಲೆಗಳು ತೂಕದ ಮನೆಯ ದೊಡ್ಡ ತಕ್ಕಡಿಯ ಎರಡು ತುದಿಗೆ ಮುಂದಿನ ಚುನಾವಣೆಯವರೆಗೆ ನೇತಾಡುತ್ತಿರುತ್ತವೆ. ಬಲೆಗಳನ್ನು ಹೊತ್ತ ಕಬ್ಬಿಣದ ಅಡ್ಡ ಹಲಗೆ ಅಲುಗದಂತೆ ನಡುವೆ ಒಂದು ಮರದ ಬೆಣೆ. ಬೆಣೆ ತೆಗೆದರೆ ಯಾರ ಕಡೆ ಭಾರವೆಂದು ಊರಿಗೆಲ್ಲ ಕಾಣುತ್ತದೆ. ಗೆದ್ದವರ ಬಲೆ ಮೇಲೆದ್ದರೆ ಅಂದೇ ಅಧ್ಯಕ್ಷರ ಕುರ್ಚಿ ಬದಲು.

ಜನ ಇದಕ್ಕೆ ಎಷ್ಟು ಒಗ್ಗಿಹೋಗಿದ್ದಾರೆಂದರೆ, ಚಹಾದಲ್ಲಿ ಸಕ್ಕರೆ ಕಡಿಮೆಯಾದರೂ "ಏನಯ್ಯಾ, ಕಲ್ಲು ಹಗುರ ಮಾಡ್ಲಾ?" ಎನ್ನುತ್ತಾರೆ. ಮೂರು ದಿನ ನಲ್ಲಿ ಬರದಿದ್ದರೆ ಕೊಡ ಹಿಡಿದ ಹೆಂಗಸರು ಪುರಸಭೆಯ ಮುಂದೆ ನಿಂತು ಕೂಗುವುದಿಲ್ಲ, ತೂಕದ ಮನೆಯ ಕಡೆ ಒಮ್ಮೆ ನೋಡಿ ಸುಮ್ಮನೆ ನಡೆಯುತ್ತಾರೆ. ಅದು ಕೂಗಿಗಿಂತ ಜೋರು.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಇಲ್ಲಿಗೆ ತೂಕದ ಮನೆಯ ಮೇಲ್ವಿಚಾರಕಿಯಾಗಿ ಬಂದವಳು. ಊರಿಗೆ ನಾನು ತೂಕದ ಮೇಡಂ. ಮೊದಲ ವರ್ಷ ನಾನು ಯಾವುದನ್ನೂ ನಂಬಲಿಲ್ಲ. ಬಲೆಯ ನಾರು ತೇವ ಹೀರುತ್ತಿರಬಹುದು ಎಂದು ಗಾಳಿಯ ತೇವಾಂಶ ಅಳೆದೆ. ಹಲಗೆಯ ಕಬ್ಬಿಣ ಬಿಸಿಲಿಗೆ ಹಿಗ್ಗುತ್ತಿರಬಹುದು ಎಂದು ಉಷ್ಣಾಂಶ ಅಳೆದೆ. ಎಲ್ಲ ಅಳೆದು, ಎಲ್ಲ ಕಳೆದು ಉಳಿದದ್ದು ಜನರ ಮನಸ್ಸು ಮಾತ್ರ. ಆಮೇಲೆ ಕಾರಣ ಹುಡುಕುವುದನ್ನು ಬಿಟ್ಟೆ, ಅಳೆಯುವುದನ್ನು ಬಿಡಲಿಲ್ಲ. ಬೆಣೆ ತೆಗೆದಾಗ ಆ ಹಲಗೆ ಉಸಿರೆಳೆದಂತೆ ನಿಧಾನವಾಗಿ ಒಂದು ಕಡೆಗೆ ಬಾಗಿ, ತಡೆದು, ಇನ್ನೊಂದು ಕಡೆಗೆ ಹೊರಳುವುದನ್ನು ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುತ್ತದೆ.

ಹಿಂದಿನ ಅಕ್ಟೋಬರಿನ ಚುನಾವಣೆಯಲ್ಲಿ ಚಂಪಕ್ಕ ಗೆದ್ದಿದ್ದರು. ಚಂಪಕ್ಕ ದಾಯಿಯಾಗಿ ಮೂವತ್ತು ವರ್ಷ ಊರಿನ ಮನೆಮನೆ ತಿರುಗಿದವರು. ದಪ್ಪ ಕನ್ನಡಕ, ದೊಡ್ಡ ಗಂಟಲು. ಆ ಮಳೆಗಾಲದಲ್ಲಿ ಕೆಳಗೇರಿಯ ಕುಡಿಯುವ ನೀರಿಗೆ ಪೇಟೆಯ ಚರಂಡಿ ಸೇರಿ ಕಾಮಾಲೆ ಹಬ್ಬಿತ್ತು. ಅವರು ಕೈಯಾರೆ ಹೆರಿಗೆ ಮಾಡಿಸಿದ್ದ ಒಂಬತ್ತು ಮಕ್ಕಳು ಹೋಗಿದ್ದವು. "ಮುಂದಿನ ಮಳೆಗೆ ಮೊದಲು ಪೇಟೆ ಬೀದಿ ಅಗೆದು ಮುಚ್ಚಿದ ಚರಂಡಿ ಹಾಕ್ತೀನಿ. ಬೇರೆ ಏನೂ ಮಾಡಲ್ಲ, ಕೇಳಬೇಡಿ," ಎಂದಷ್ಟೇ ಹೇಳಿ ಮತ ಕೇಳಿದ್ದರು. ಅವರ ಬಲೆ ಇನ್ನೂರ ತೊಂಬತ್ತು ಕಿಲೋ ತೂಗಿತು. ಸೋತ ಮರಿದೇವಪ್ಪನವರದು ಇನ್ನೂರ ಎಪ್ಪತ್ತನಾಲ್ಕು. ಅಂದು ತಕ್ಕಡಿ ಒಮ್ಮೆ ತೂಗಿ ಹಿಂದಕ್ಕೆ ಬರಲು ಹನ್ನೆರಡು ಸೆಕೆಂಡು ಹಿಡಿಯಿತು. ಹೊರೆ ಹೆಚ್ಚಿದ್ದಷ್ಟೂ ತಕ್ಕಡಿ ನಿಧಾನವಾಗಿ ತೂಗುತ್ತದೆ. ಆ ದಿನ ಅದು ಆನೆ ತಲೆ ಅಲ್ಲಾಡಿಸಿದಂತಿತ್ತು.

ಮರಿದೇವಪ್ಪನವರಿಗೆ ಪೇಟೆ ಬೀದಿಯಲ್ಲಿ ಪಾತ್ರೆ ಅಂಗಡಿ. ನವೆಂಬರಿನಲ್ಲಿ ಬೀದಿಯ ಉದ್ದಕ್ಕೂ ಕಾಲುವೆ ತೋಡಿದ್ದೇ ತಡ, ಗಿರಾಕಿಗಳು ಹಲಗೆಯ ಮೇಲೆ ನಡೆದು ಅಂಗಡಿಗೆ ಬರಬೇಕಾಯಿತು. ಅತ್ತೆಗೆ ಹಂಡೆ ಕೊಳ್ಳಲು ಬಂದ ಒಬ್ಬ ಅಳಿಯ ಹಂಡೆಯ ಸಮೇತ ಕಾಲುವೆಗೆ ಬಿದ್ದ. ಮರುದಿನವೇ ಮರಿದೇವಪ್ಪನವರು ಪುರಸಭೆಯಲ್ಲಿ ಎದ್ದು ನಿಂತರು. ಸಭೆ ನಡೆಯುವುದು ತೂಕದ ಮನೆಯ ಪಡಸಾಲೆಯಲ್ಲಿ. ಬಾಗಿಲ ಮೇಲಿನ ಚಪ್ಪಡಿಯಲ್ಲಿ, ಯಾರು ಯಾವ ಕಾಲದಲ್ಲಿ ಕೆತ್ತಿಸಿದರೋ ತಿಳಿಯದು, ಒಂದೇ ಒಂದು ಸಾಲಿದೆ: ಗೆದ್ದವರನ್ನು ಆಗಾಗ ತೂಗಬೇಕು. ನಮ್ಮ ಊರಿಗೆ ಇರುವ ಕಾನೂನು ಅದೊಂದೇ. ನನಗಿಂತ ಮೊದಲಿದ್ದವರು ಬಿಡುವಾದಾಗ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ತೂಗಿ, ಸುಮ್ಮನಾಗುತ್ತಿದ್ದರು.

ಮರಿದೇವಪ್ಪನವರು ಚಪ್ಪಡಿಯತ್ತ ಬೆರಳು ತೋರಿಸಿದರು. "ಆಗಾಗ ಅಂದ್ರೆ ಏನು? ವರ್ಷಕ್ಕೊಂದು ಸಲಾನಾ? ನಾನು ಆಗಾಗ ಸ್ನಾನ ಮಾಡ್ತೀನಿ ಅಂದು ವರ್ಷಕ್ಕೊಂದು ಸಲ ಮಾಡಿದ್ರೆ ನೀವು ನನ್ನ ಪಕ್ಕ ಕೂತ್ಕೋತೀರಾ?"

"ಈಗಲೂ ಕಷ್ಟಪಟ್ಟೇ ಕೂತಿದೀವಿ," ಎಂದಿತು ಹಿಂದಿನ ಸಾಲಿನ ಒಂದು ದನಿ.

"ನಗಿ, ನಗಿ. ನಾನು ಕೇಳ್ತಿರೋದು ನ್ಯಾಯ. ಜನರ ಮನಸ್ಸು ದಿನಾ ಬದಲಾಗುತ್ತೆ. ಹಾಗಾದ್ರೆ ಪ್ರತಿ ಶನಿವಾರ ತೂಗಬೇಕು."

ಇನ್ನೊಬ್ಬ ಸದಸ್ಯರು, "ನಿಮ್ಮ ಮಗಳು ಆಗಾಗ ತವರಿಗೆ ಬರ್ತಾಳೆ ಅಂತೀರಿ, ಬಂದು ಮೂರು ವರ್ಷ ಆಯ್ತಲ್ಲ, ಅದು ಯಾವ ಆಗಾಗ?" ಎಂದು ಕೆಣಕಿದರು. ಮಾತು ಬೆಳೆಯಿತು. ವಾರವೇ, ತಿಂಗಳೇ, ಸುಗ್ಗಿಗೊಮ್ಮೆಯೇ ಎಂದು ಮಧ್ಯಾಹ್ನದ ಊಟ ಆರುವವರೆಗೂ ಆ ಮೂರು ಅಕ್ಷರದ ಮೇಲೆ ಜಗ್ಗಾಡಿದರು. ಕೊನೆಗೆ ಚಂಪಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. "ಶನಿವಾರ ತಾನೇ? ತೂಗಿ. ಬೇಕಾದ್ರೆ ದಿನಾ ತೂಗಿ. ನಾನೇನು ಹೆದರಿ ಮೂಲೇಲಿ ಕೂತಿಲ್ಲ." ಹೀಗೆ ಆಗಾಗ ಎಂಬುದು ಶನಿವಾರವಾಯಿತು. ನನಗೂ ಅದು ಸರಿಯೆಂದೇ ಕಂಡಿತ್ತು. ಹೆಚ್ಚು ಸಲ ಅಳೆದಷ್ಟೂ ತಪ್ಪು ಕಡಿಮೆ ಎಂದು ಕಲಿತವಳು ನಾನು.

ಮೊದಲ ಶನಿವಾರಗಳಲ್ಲಿ ತೂಕದ ಮನೆ ಜಾತ್ರೆಯಂತಾಯಿತು. ಎಂಥ ನೋಟವದು! ಸೋಮವಾರ ಚಂಪಕ್ಕ ಕಾಲುವೆಗೆ ತಾವೇ ಇಳಿದು ಒಂದು ಕರುವನ್ನು ಎತ್ತಿ ಮೇಲೆ ಕೊಟ್ಟರೆ ಶನಿವಾರ ಅವರ ಬಲೆ ಎಂಟು ಕಿಲೋ ಹೆಚ್ಚು ಇಳಿಯುತ್ತಿತ್ತು. ಬುಧವಾರ ಅಂಚೆಯವನ ಸೈಕಲ್ಲು ಕಾಲುವೆಯ ಹಲಗೆಯಿಂದ ಜಾರಿದರೆ ಐದು ಕಿಲೋ ಏರುತ್ತಿತ್ತು. ಇಡೀ ಊರಿನ ಒಳಗು ತಕ್ಕಡಿಯ ಮುಳ್ಳಿನ ತುದಿಯಲ್ಲಿ ಕಾಣುತ್ತಿತ್ತು. ನಾನು ಬೆರಗಿನಿಂದ ನೋಡುತ್ತ ನಿಲ್ಲುತ್ತಿದ್ದೆ. ಇಷ್ಟು ಸತ್ಯವಾದ ಉಪಕರಣ ಯಾವ ಪ್ರಯೋಗಶಾಲೆಯಲ್ಲಿದೆ ಎನ್ನಿಸುತ್ತಿತ್ತು.

ಆದರೆ ಚಂಪಕ್ಕ ಶುಕ್ರವಾರಕ್ಕೆ ಹೆದರಲು ಶುರುಮಾಡಿದರು. ಜನವರಿಯ ಒಂದು ಶುಕ್ರವಾರ ಪೇಟೆಯ ಕಾಲುವೆಯನ್ನು ಮಣ್ಣು ಹಾಕಿ ಮುಚ್ಚಿಸಿದರು, ಶನಿವಾರ ಜನ ಸಲೀಸಾಗಿ ನಡೆದುಬರಲೆಂದು. ಸೋಮವಾರ ಮತ್ತೆ ತೋಡಿಸಿದರು. ಅದು ವಾಡಿಕೆಯೇ ಆಯಿತು. ಜಬ್ಬಾರ್ ಒಮ್ಮೆ ಗುದ್ದಲಿ ಊರಿಕೊಂಡು ನಿಂತು ನನಗೆ ಹೇಳಿದ: "ಮೇಡಂ, ಈ ಮಣ್ಣಿಗೂ ನಂಗೂ ಈಗ ನೆಂಟಸ್ತನ ಬೆಳೆದಿದೆ. ಸೋಮವಾರ ಎತ್ತುವಾಗ 'ಮತ್ತೆ ಬಂದ್ಯಾ' ಅನ್ನುತ್ತೆ." ಮರಿದೇವಪ್ಪನವರೂ ಸುಮ್ಮನಿರಲಿಲ್ಲ. ಶುಕ್ರವಾರ ಸಂಜೆ ಬೀದಿಯಲ್ಲಿ ಪಾನಕ ಹಂಚಿಸಿದರು. ಒಂದು ವಾರ ಅವರಿಗೆ ಎರಡು ಕಿಲೋ, ಇನ್ನೊಂದು ವಾರ ಇವರಿಗೆ ಮೂರು. ಚರಂಡಿಯ ಕೊಳವೆ ಮಾತ್ರ ಒಂದು ಮಾರು ಮುಂದೆ ಹೋಗಲಿಲ್ಲ. ಕೆಳಗೇರಿಯ ಕೆಂಚವ್ವ, ಕಾಮಾಲೆಯಲ್ಲಿ ಮೊಮ್ಮಗಳನ್ನು ಕಳೆದುಕೊಂಡವಳು, ಶನಿವಾರ ತಪ್ಪದೆ ಬರುತ್ತಿದ್ದಳು. ಫೆಬ್ರವರಿಯಲ್ಲಿ ಅವಳೂ ಬರುವುದನ್ನು ಬಿಟ್ಟಳು. ಆಮೇಲೆ ಬರುತ್ತಿದ್ದವರು ನಾನು, ಎರಡೂ ಕಡೆಯ ಒಬ್ಬೊಬ್ಬರು, ನೆರಳಿಗಾಗಿ ಒಂದು ನಾಯಿ.

ಮಾರ್ಚ್ ಹದಿಮೂರರ ಶನಿವಾರ ಬೆಣೆ ತೆಗೆದಾಗ ಹಲಗೆ ಗುಬ್ಬಚ್ಚಿಯ ಬಾಲದಂತೆ ಪಟಪಟನೆ ಆಡಿತು. ಒಂದು ತೂಗಾಟಕ್ಕೆ ಎರಡು ಸೆಕೆಂಡೂ ಹಿಡಿಯಲಿಲ್ಲ. ಮುಳ್ಳು ನೂರು ಗ್ರಾಂನಷ್ಟು ಚಂಪಕ್ಕನ ಕಡೆ ನಿಂತಿತು. "ನಮ್ಮಕ್ಕ ಗೆದ್ರು," ಎಂದು ಅವರ ಕಡೆಯವನು ಆಕಳಿಸುತ್ತ ಹೊರಟುಹೋದ. ನಾನು ಮಾತ್ರ ಅಲ್ಲೇ ನಿಂತೆ. ಹನ್ನೆರಡು ಸೆಕೆಂಡಿನ ತಕ್ಕಡಿ ಎರಡಕ್ಕೆ ಇಳಿದಿದ್ದು ಹೇಗೆ? ನಮ್ಮ ತಕ್ಕಡಿ ಎರಡು ಬಲೆಗಳ ವ್ಯತ್ಯಾಸವನ್ನಷ್ಟೇ ತೋರಿಸುತ್ತದೆ. ಯಾರು ಮುಂದೆ ಎಂಬುದಷ್ಟೇ ಊರಿಗೆ ಬೇಕಾಗಿತ್ತು. ಒಂದೊಂದನ್ನೂ ಬೇರೆಯಾಗಿ ಕಬ್ಬಿಣದ ಬಟ್ಟುಗಳ ಎದುರು ತೂಗುವುದು ಚುನಾವಣೆಯ ದಿನ ಒಮ್ಮೆ ಮಾತ್ರ. ಆಮೇಲೆ ಯಾರೂ ಕೇಳಿದ್ದಿಲ್ಲ. ಬುಧವಾರ ಹಮಾಲಿಗಳನ್ನು ಕರೆಸಿ ಅದನ್ನೇ ಮಾಡೋಣವೆಂದು ಹೊರಟವಳು ಕೊಂಡಿಗೆ ಬೆರಳು ಹಾಕಿದ್ದೆ.

ಬಲೆಯನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿದೆ. ಅದೂ ಎದ್ದಿತು. ತೂಗಿದೆ. ಚಂಪಕ್ಕನ ಮತಗಳು, ನಾರಿನ ಬಲೆಯನ್ನೂ ಸೇರಿಸಿ, ಎರಡು ಕಿಲೋ ಮುನ್ನೂರು ಗ್ರಾಂ. ಮರಿದೇವಪ್ಪನವರವು ಎರಡು ಕಿಲೋ ಇನ್ನೂರು. ಬಲೆಯದೇ ತೂಕ ಎರಡು ಕಿಲೋ. ಕಲ್ಲುಗಳನ್ನು ಮುಟ್ಟಿದೆ. ತಣ್ಣಗಿದ್ದವು, ಗಟ್ಟಿಯಾಗಿದ್ದವು, ಹೊಳೆಯ ವಾಸನೆಯಿತ್ತು. ಬಲೆಯ ಕಣ್ಣೊಳಗಿಂದ ಒಂದನ್ನು ಒತ್ತಿದರೆ ನೀರಿನ ಮೇಲಿನ ಎಲೆಯಂತೆ ಅದು ಸರಿಯಿತು. ಒಂದು ಊರಿನ ಆಸೆಯೆಲ್ಲ ಹೊರಟುಹೋದ ಮೇಲೆ ಉಳಿಯುವುದು ಇಷ್ಟು ಎಂದು ಅಲ್ಲಿ ತೂಗುತ್ತಿತ್ತು. ನಾನು ಹೆದರಿದ್ದೆ, ಆದರೆ ಹೆದರಿಕೆಗಿಂತ ಮೊದಲು ಬಂದದ್ದು, ದೊಡ್ಡ ಬೆಟ್ಟದ ಬುಡದಲ್ಲಿ ನಿಂತಾಗ ಬರುವಂಥ ಮೌನ.

ಇಬ್ಬರನ್ನೂ ಕರೆತರಲು ಜಬ್ಬಾರನನ್ನು ಓಡಿಸಿದೆ. ಚಂಪಕ್ಕ ಮಣ್ಣಿನ ಕಾಲಿನಲ್ಲೇ ಬಂದರು. ಅವರಿಗೆ ಏನೂ ಹೇಳದೆ ಕೊಂಡಿ ತೋರಿಸಿದೆ. ಎತ್ತಿದರು. ಕನ್ನಡಕದ ಹಿಂದೆ ಕಣ್ಣು ದೊಡ್ಡದಾದವು.

"ಇದು ನಂದಾ?"

"ನಿಮ್ಮದೇ."

"ಹಾಗಾದ್ರೆ ಅವರು ಗೆದ್ದಿದಾರೆ."

"ಇಲ್ಲ. ನೀವೇ ನೂರು ಗ್ರಾಂ ಮುಂದಿದೀರಿ."

ಚಂಪಕ್ಕ ಬಲೆಯನ್ನು ಕೆಳಗಿಡಲಿಲ್ಲ. ಹುಟ್ಟಿದ ಕೂಸನ್ನು ಹಿಡಿಯುವವರಂತೆ ಇನ್ನೊಂದು ಕೈಯನ್ನು ಅದರಡಿಗೆ ಕೊಟ್ಟು ನಿಂತರು. "ದಿನ ತುಂಬದೆ ಹುಟ್ಟಿದ್ದೂ ಇದಕ್ಕಿಂತ ಭಾರ ಇರುತ್ತೆ ಮೇಡಂ," ಎಂದರು.

ಮರಿದೇವಪ್ಪನವರು ಬಂದವರೇ, "ಏನ್ ಮೇಡಂ, ಕಲ್ಲು ತೆಗೆದು ಬೆಂಡು ತುಂಬಿದೀರಾ?" ಎಂದರು. ಬಲೆಯೊಳಗೆ ಕೈ ಹಾಕಿ ತಮ್ಮದೇ ಕಲ್ಲನ್ನು ಹುಡುಕಿದರು. ಬಿಳಿ ಗೆರೆಯ ಕಪ್ಪು ಕಲ್ಲು, ಅವರಿಗೆ ಗುರುತಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡರು. ಬಹಳ ಹೊತ್ತು ನೋಡಿದರು. ಆಮೇಲೆ ಕೈಯನ್ನು ಸ್ವಲ್ಪ ಕೆಳಗೆ ಮಾಡಿದರು. ಕಲ್ಲು ಒಂದು ಕ್ಷಣ ಗಾಳಿಯಲ್ಲೇ ಉಳಿದು, ಮೆಲ್ಲಗೆ ಕೈಗೆ ಇಳಿಯಿತು. "ನಂದೂನಾ?" ಎಂದು ಯಾರನ್ನೋ ಕೇಳಿದರು.

ಮರುದಿನ ಊರೇ ಸಾಲುಗಟ್ಟಿತು. ಒಬ್ಬೊಬ್ಬರೂ ಒಂದು ಬೆರಳಲ್ಲಿ ಬಲೆ ಎತ್ತಿ ನೋಡಿ ಇಳಿಸಿದರು. ಯಾರೂ ನಗಲಿಲ್ಲ, ಕೆಂಚವ್ವನ ಹೊರತು. "ನಮ್ಮನೆ ಬೆಕ್ಕು ಇದಕ್ಕಿಂತ ಜಾಸ್ತಿ ತೂಗುತ್ತಲ್ಲೋ! ಬೆಕ್ಕನ್ನೇ ಅಧ್ಯಕ್ಷರು ಮಾಡಿ," ಎಂದು ನಕ್ಕವಳು ನಗುತ್ತಲೇ ಮೂಗು ಒರೆಸಿಕೊಂಡಳು. ಆಮೇಲೆ ಚಂಪಕ್ಕನ ಎದುರು ನಿಂತು, "ಮಳೆಗೆ ಇನ್ನು ಎರಡೂವರೆ ತಿಂಗಳು ಕಣೆ. ಶುಕ್ರವಾರ ಮುಚ್ಚು, ಸೋಮವಾರ ತೋಡು. ನೀನು ಚರಂಡಿ ಮಾಡ್ತಿದೀಯೋ ಚೌಕಾಬಾರ ಆಡ್ತಿದೀಯೋ?" ಎಂದು ಕೇಳಿ ಹೋದಳು.

ಸಂಜೆ ಸಭೆ ಸೇರಿತು. ತೂಗುವುದನ್ನೇ ನಿಲ್ಲಿಸಿಬಿಡಿ ಎಂದರು ಕೆಲವರು. ಐದು ವರ್ಷ ಮುಗಿದ ಮೇಲೆ ನೋಡಿದರಾಯಿತು ಎಂದರು. ಮರಿದೇವಪ್ಪನವರು ತಲೆಯೆತ್ತಿ, "ಆಗ ಅವರು ಐದು ವರ್ಷ ಏನು ಬೇಕಾದ್ರೂ ಮಾಡಬಹುದು," ಎಂದರು. ಅದೂ ನಿಜವೇ. ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ. ತೋಚಿದ್ದನ್ನು ಹೇಳಿದೆ. "ಹಾಲಿಗೆ ಹೆಪ್ಪು ಹಾಕಿ ಗಳಿಗೆಗೊಮ್ಮೆ ಪಾತ್ರೆ ಅಲುಗಿಸಿ ನೋಡಿದ್ರೆ ಮೊಸರು ಕಟ್ಟೋದೇ ಇಲ್ಲ. ನೋಡದೆ ನಾಲ್ಕು ದಿನ ಬಿಟ್ರೆ ಹುಳಿ ಬಂದು ಕೆಡುತ್ತೆ. ನಾವು ಶನಿವಾರ ಶನಿವಾರ ಅಳೆದದ್ದು ಜನರ ಮನಸ್ಸನ್ನಲ್ಲ, ನಮ್ಮ ಶುಕ್ರವಾರಗಳನ್ನ."

"ಸರಿ, ಎಷ್ಟು ದಿನಕ್ಕೊಮ್ಮೆ? ಅಷ್ಟು ಹೇಳಿ," ಎಂದರು ಯಾರೋ.

ಉತ್ತರ ಹೇಳಲು ಬಾಯಿ ತೆರೆದವಳು ಚಪ್ಪಡಿಯತ್ತ ನೋಡಿದೆ. ವರ್ಷಗಟ್ಟಲೆ ಅದರ ಕೆಳಗೆ ಓಡಾಡಿದ್ದೆ. ಸಾಲಿನ ಪಕ್ಕದಲ್ಲಿ ಅರ್ಧ ಚಪ್ಪಡಿ ಖಾಲಿಯಿತ್ತು. ವರ್ಷಕ್ಕೊಮ್ಮೆ ಎಂದೋ ಸುಗ್ಗಿಗೊಮ್ಮೆ ಎಂದೋ ಕೆತ್ತಲು ಆ ಸಾಲು ಕೆತ್ತಿದವರಿಗೆ ಜಾಗವಿತ್ತು, ಕೈಯಲ್ಲಿ ಉಳಿ ಇತ್ತು, ಪದವೂ ಗೊತ್ತಿತ್ತು. ಕೆತ್ತಲಿಲ್ಲ. ಆಗ, ಮತ್ತೆ ಆಗ. ಯಾವಾಗ ಎಂಬುದಕ್ಕೆ ಉತ್ತರವಿಲ್ಲದ ಪದವನ್ನೇ ಹುಡುಕಿ ಇಟ್ಟಿದ್ದರು. ನಾವು ಅದನ್ನು ಅವರ ಉದಾಸೀನ ಎಂದುಕೊಂಡು ದಿನ ಗೊತ್ತುಮಾಡಿದ್ದೆವು. "ಯಾವಾಗ ಅಂತ ಹೇಳದೆ ಇರೋದೇ ನಿಯಮ," ಎಂದೆ. "ತೂಗಬೇಕು, ಖಂಡಿತ ತೂಗಬೇಕು. ಆದರೆ ಯಾವ ದಿನ ಅಂತ ಯಾರಿಗೂ, ನನಗೂ, ಗೊತ್ತಿರಬಾರದು. ತೂಗಿದಾಗ ಎರಡು ಬಲೆಯನ್ನೂ ಬೇರೆ ಬೇರೆ ತೂಗಬೇಕು."

"ಯಾವ ದಿನ ಅಂತ ಗೊತ್ತಿಲ್ಲದಿದ್ರೆ ನಾವು ತಯಾರಾಗೋದು ಹೇಗೆ?" ಎಂದರು ಮರಿದೇವಪ್ಪ.

"ಅದಕ್ಕೇ," ಎಂದರು ಚಂಪಕ್ಕ.

ತೂಕದ ಮನೆಯ ಹಿಂದೆ ಒಂದು ಬೂರುಗದ ಮರವಿದೆ. ಬೇಸಿಗೆಯಲ್ಲಿ ಅದರ ಕಾಯಿ ಒಣಗಿ ಒಡೆಯುತ್ತವೆ. ಒಮ್ಮೊಮ್ಮೆ ಏಪ್ರಿಲ್ ಮೊದಲಿಗೆ, ಒಮ್ಮೊಮ್ಮೆ ಮೇ ಕೊನೆಗೆ. ಮೊದಲ ಕಾಯಿ ಒಡೆದು ಅರಳೆ ಹಾರಿದ ದಿನ, ಅದೇ ಗಳಿಗೆಯಲ್ಲಿ, ವರ್ಷಕ್ಕೊಂದೇ ಸಲ ತೂಗುವುದೆಂದು ಒಪ್ಪಿದರು. ಮರಿದೇವಪ್ಪನವರು ಆ ರಾತ್ರಿಯೇ ಮರದ ಕೆಳಗೆ ನಿಂತು ಕಾಯಿಗಳನ್ನು ದಿಟ್ಟಿಸುತ್ತಿದ್ದರೆಂದು ಜಬ್ಬಾರ್ ಹೇಳಿದ. ನಿಜವೋ ಸುಳ್ಳೋ.

ಚಂಪಕ್ಕ ಆಮೇಲೆ ಕಾಲುವೆಯನ್ನು ಒಮ್ಮೆಯೂ ಮುಚ್ಚಿಸಲಿಲ್ಲ. ಪೇಟೆ ಬೀದಿ ಈ ತುದಿಯಿಂದ ಆ ತುದಿಯವರೆಗೆ ಬಾಯಿಬಿಟ್ಟು ಬಿದ್ದಿತು. ಧೂಳು ಅನ್ನದ ತಟ್ಟೆಯವರೆಗೆ ಬಂತು. ಅಂಗಡಿಯವರು ಎದುರಿಗೇ ಬೈದರು. "ಬೈರಿ, ಬೈರಿ, ಕೊಳವೆ ಮಾತ್ರ ತುಳೀಬೇಡಿ," ಎನ್ನುತ್ತ ಅವರು ಮಟ್ಟದ ದಾರ ಹಿಡಿದು ಮುಂದೆ ಹೋದರು. ಕೆಳಗೇರಿಯಿಂದ ಹಿಡಿದು ಮೇಲಕ್ಕೆ ಕೊಳವೆ ಮೊಳಮೊಳವಾಗಿ ಏರಿತು. ಬೈಗುಳದಲ್ಲಿ ಹೊಸದೊಂದು ಬಿಸಿಯಿತ್ತು. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯುವ ದಾರಿ ನನಗಿರಲಿಲ್ಲ. ಬೆಣೆ ಬಿಗಿಯಾಗಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ ಸಭೆ ನಡೆಯುತ್ತಿದ್ದಾಗ ಕಿಟಕಿಯಿಂದ ಒಂದು ಎಳೆ ಅರಳೆ ತೇಲಿ ಬಂದು ಚಂಪಕ್ಕನ ಕನ್ನಡಕದ ಮೇಲೆ ಕೂತಿತು. ಅವರು ಅದನ್ನು ತೆಗೆದು ನೋಡಿದರು. "ಇವತ್ತಾ," ಎಂದರು. ಮರಿದೇವಪ್ಪನವರ ಪಾತ್ರೆ ಅಂಗಡಿಯ ಮುಂದಿನ ಮೂವತ್ತು ಅಡಿ ಮಾತ್ರ ಉಳಿದಿತ್ತು. ಒಂದು ವಾರದ ಕೆಲಸ. ಚಂಪಕ್ಕ ಆ ಒಂದು ವಾರ ಕೇಳಲಿಲ್ಲ.

ಊರು ಓಡಿಬಂತು. ತೂಗುವ ಮೊದಲು ಚಂಪಕ್ಕ ತಮ್ಮ ಬಲೆಯ ಕೊಂಡಿಗೆ ಕಿರುಬೆರಳು ಹಾಕಿ ಎಳೆದರು. ಅಲುಗಲಿಲ್ಲ. ಎರಡೂ ಕೈ ಹಾಕಿ, ಕಾಲು ಅಗಲಿಸಿ ಎಳೆದರು. ಅಲುಗಲಿಲ್ಲ. ಅವರು ನಕ್ಕ ನಗು ನಾನು ಆವರೆಗೆ ಕೇಳಿರಲಿಲ್ಲ. ಜಬ್ಬಾರ್ ಮತ್ತು ಮೂವರು ಸೇರಿ ಹೊತ್ತು ತಂದರು. ಚಂಪಕ್ಕನದು ನೂರ ಎಂಬತ್ತೇಳು ಕಿಲೋ. ಮರಿದೇವಪ್ಪನವರದು ನೂರ ತೊಂಬತ್ತೊಂದು. ನಾನು ಎರಡು ಸಲ ತೂಗಿದೆ. ಅಷ್ಟೇ ಬಂತು.

ಯಾರೂ ಜೈಕಾರ ಹಾಕಲಿಲ್ಲ. ಚಂಪಕ್ಕ ಸೊಂಟದಿಂದ ಮಟ್ಟದ ದಾರವನ್ನು ಬಿಚ್ಚಿ ಮರಿದೇವಪ್ಪನವರ ಕೈಗಿಟ್ಟರು. "ಮೂವತ್ತು ಅಡಿ ಉಳಿದಿದೆ. ಇಳಿಜಾರು ತಪ್ಪಿದರೆ ನೀರು ಹಿಂದಕ್ಕೆ ಬರುತ್ತೆ."

"ನನ್ನ ಅಂಗಡಿ ಮುಂದೇನೇ ಅಗೀಬೇಕಾ?"

"ಅಧ್ಯಕ್ಷರು ನೀವು. ಅಗೆಯದೆ ಬಿಡಿ ಬೇಕಾದ್ರೆ."

ಮರಿದೇವಪ್ಪನವರು ದಾರವನ್ನು ಬೆರಳಿಗೆ ಸುತ್ತುತ್ತ ತಮ್ಮ ಬಲೆಯನ್ನು ನೋಡಿದರು. ಮಾರ್ಚಿನಲ್ಲಿ ಗಾಳಿಯಲ್ಲಿ ನಿಂತಿದ್ದ ಆ ಕಪ್ಪು ಕಲ್ಲು ಅದರೊಳಗೆ ಎಲ್ಲೋ ಇತ್ತು. "ಜಬ್ಬಾರಣ್ಣ," ಎಂದರು ಕೊನೆಗೆ, "ನಾಳೆ ಬೆಳಿಗ್ಗೆ ಗುದ್ದಲಿ ತಗೊಂಡು ಬಾ. ಮೊದಲು ಆ ಹಂಡೆಗಳನ್ನ ಒಳಗಿಡೋಣ."

ಜೂನ್ ಮೊದಲ ವಾರ ಮಳೆ ಬಂತು. ನೀರು ಪೇಟೆ ಬೀದಿಯ ನೆಲದಡಿ ಸದ್ದು ಮಾಡುತ್ತ ಹರಿಯಿತು. ಕೆಳಗೇರಿಯ ಬಾವಿಯ ಕಟ್ಟೆಯ ಬಳಿ ಚಂಪಕ್ಕ ಕೊಡೆ ಹಿಡಿದು ಬಗ್ಗಿ ನೋಡುತ್ತಿದ್ದರು, ಪಕ್ಕದಲ್ಲಿ ಕೆಂಚವ್ವ. ಬಾವಿಯ ನೀರು ತಿಳಿಯಾಗಿಯೇ ಇತ್ತು. ನಾನು ತೂಕದ ಮನೆಗೆ ಬಂದು ಎರಡು ಬಲೆಗಳ ನಡುವೆ ನಿಂತೆ. ತೂಗುವ ದಿನ ಅದಲ್ಲ. ಯಾರ ಕಡೆ ಭಾರವೆಂದು ತಿಳಿಯಬಾರದೆಂದು ಮುಳ್ಳಿಗೆ ಬಟ್ಟೆ ಸುತ್ತಿ, ಕಣ್ಣು ಮುಚ್ಚಿ ಬೆಣೆ ಸಡಿಲಿಸಿ, ಹಲಗೆಯನ್ನು ಬೆರಳಿನಿಂದ ಒಮ್ಮೆ ತಳ್ಳಿದೆ. ಅದು ನನ್ನ ಕೈಯಿಂದ ದೂರ ಹೋಯಿತು, ಬಹಳ ಹೊತ್ತು ದೂರವೇ ಉಳಿಯಿತು, ಆಮೇಲೆ ಮಳೆಯ ಸದ್ದಿನ ನಡುವೆ ಮೆಲ್ಲಗೆ ಹಿಂದಿರುಗಿ ಬೆರಳನ್ನು ಮುಟ್ಟಿತು. ಎದೆಗೆ ಹಿಡಿದಿದ್ದ ಗಡಿಯಾರವನ್ನು ನಿಲ್ಲಿಸಿ, ಬೆಣೆ ಬಿಗಿದು, ಕಣ್ಣು ತೆರೆದೆ. ಒಂದು ತೂಗಾಟಕ್ಕೆ ಹನ್ನೊಂದು ಸೆಕೆಂಡು.